ಬಚ್ಚಲಲ್ಲಿ ತಡಮಾಡುತ್ತಿದ್ದವನು

ಕಟಿಂಗ್ ಶಾಪಿನ ಯಜಮಾನನ ಬಾಯಿ ಕತ್ತರಿಗಿಂತ ಚುರುಕು. ಗಿರಾಕಿಗಳ ಮನೆ ಜಗಳ, ಮಂಡಿನೋವು, ಮಕ್ಕಳ ಮದುವೆ ಎಲ್ಲವೂ ಅವನ ಕುರ್ಚಿಯಲ್ಲೇ ಇತ್ಯರ್ಥವಾಗುತ್ತಿದ್ದವು. ಆದರೆ ತನ್ನದೊಂದು ವಿಷಯವನ್ನು ಮಾತ್ರ ಹೆಂಡತಿಯ ಮುಂದೂ ತುಟಿಪಿಟಕ್ಕೆನ್ನದೆ ನುಂಗಿಕೊಂಡಿದ್ದ. ಮೂತ್ರಕ್ಕೆ ನಿಂತರೆ ಬೇಗ ಬರುತ್ತಿರಲಿಲ್ಲ. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳುತ್ತಾ, ಗೋಡೆಗೆ ಹಣೆಯಾನಿಸಿ ಕಾಯಬೇಕು. ಆಮೇಲೆ ಬರುವುದೂ ಎಳೆಎಳೆಯಾಗಿ. ಅಂಗಡಿಯಲ್ಲಾದರೆ, ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಹೊರಗೆ ನೊರೆ ಒಣಗಿಸಿಕೊಂಡು ಕೂತಿರುತ್ತಿದ್ದ. ವಯಸ್ಸಾಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ನೆಗಡಿ ಹಿಡಿಯಿತು. ಮೆಡಿಕಲ್ ಶಾಪಿನಿಂದ ತಾನೇ ಮಾತ್ರೆ ತಂದು ನುಂಗಿದ. ಕಟ್ಟಿದ್ದ ಮೂಗು ಬಿಟ್ಟಿತು, ಮೂತ್ರ ಪೂರ್ತಿ ಕಟ್ಟಿತು. ಮರುದಿನ ಬೆಳಿಗ್ಗೆ ಹೊಟ್ಟೆಯ ಕೆಳಭಾಗ ಕಲ್ಲಾಗಿತ್ತು. ಬಚ್ಚಲಿನ ಬಾಗಿಲು ಬಡಿದ ಹೆಂಡತಿ, ಬೆವರಿಳಿಯುತ್ತಿದ್ದ ಅವನ ಮುಖ ನೋಡಿದವಳೇ ಏನೂ ಕೇಳದೆ ಗಾಡಿ ಕರೆದಳು.

ಆಸ್ಪತ್ರೆಯಲ್ಲಿದ್ದದ್ದು ಅವನ ಮಗಳ ವಯಸ್ಸಿನ ಡಾಕ್ಟರು. ಅವನು ನೆಲ ನೋಡುತ್ತಾ, ಹೊಟ್ಟೆನೋವು ಎಂದಷ್ಟೇ ಗೊಣಗಿದ.

"ಹೊಟ್ಟೆನೋವಲ್ಲಮ್ಮ, ಇವ್ರಿಗೆ ಉಚ್ಚೆ ಕಟ್ಟಿದೆ," ಎಂದಳು ಹೆಂಡತಿ. "ದಿನಾ ನಲ್ಲಿ ಬಿಟ್ಕೊಂಡು ನಿಲ್ಲೋದು ನಂಗೆ ಕೇಳ್ಸುತ್ತೆ. ಅವ್ರೇ ಹೇಳ್ಲಿ ಅಂತ ಕಾಯ್ತಿದ್ದೆ."

ಸಣ್ಣ ಕೊಳವೆ ಹಾಕಿ ಮೂತ್ರ ಇಳಿಸಿದಾಗ ಅವನ ಕಣ್ಣಲ್ಲೂ ನೀರಾಡಿತು. ಡಾಕ್ಟರು ಬಿಡಿಸಿ ಹೇಳಿದರು: ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಅಮುಕುವುದು ತೀರಾ ಸಾಮಾನ್ಯ, ಅದರ ಮೇಲೆ ನೆಗಡಿ ಮಾತ್ರೆ ಬೇರೆ ಸೇರಿ ಇದ್ದಷ್ಟು ಸಂದನ್ನೂ ಮುಚ್ಚಿಸಿರಬೇಕು. ಕೆಲವರಿಗೆ ಮಲಬದ್ಧತೆಯಿಂದ, ಸೋಂಕಿನಿಂದ, ನರದ ತೊಂದರೆಯಿಂದಲೂ ಹೀಗಾಗುತ್ತದೆ. ಪರೀಕ್ಷೆ ಮಾಡದೆ ಇಂಥದ್ದೇ ಎನ್ನಲಾಗದು. ಪರೀಕ್ಷೆಗಳಾದವು, ಪ್ರಾಸ್ಟೇಟೇ ಕಾರಣವೆಂದು ಖಚಿತವಾಗಿ ಔಷಧಿ ಶುರುವಾಯಿತು. ಕೆಲವು ದಿನ ಬಿಟ್ಟು ಕೊಳವೆ ತೆಗೆದರು. ಮೂತ್ರ ತಾನಾಗಿ ಬಂತು.

ಮನೆಗೆ ವಾಪಸಾಗುವಾಗ ಅವನು ಕೇಳಿದ: "ಗೊತ್ತಿದ್ದೂ ನೀನ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಸಿಡುಕ್ತಿದ್ರಿ."



ಅಂಗಡಿ ಮತ್ತೆ ತೆರೆದ ದಿನ ಮೊದಲು ಬಂದವರು ನಿವೃತ್ತ ಮೇಷ್ಟ್ರು. ಕುರ್ಚಿಯಲ್ಲಿ ಕೂತವರೇ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಗದರಿದರು. ಜ್ವರ ಬಂದಿತ್ತು ಎಂಬ ಮಾತು ಅವನ ನಾಲಿಗೆ ತುದಿವರೆಗೂ ಬಂತು. ಅದನ್ನು ನುಂಗಿ, ಕತ್ತರಿ ಕೆಳಗಿಟ್ಟು, ನಡೆದದ್ದನ್ನು ನಡೆದ ಹಾಗೇ ಹೇಳಿದ. ಮೇಷ್ಟ್ರು ಕನ್ನಡಿಯಲ್ಲಿ ಅವನನ್ನೇ ನೋಡಿದರು. ಆಮೇಲೆ ಕುತ್ತಿಗೆಯ ಬಟ್ಟೆ ಸಡಿಲಿಸಿಕೊಂಡು, ದನಿ ತಗ್ಗಿಸಿ, "ಆ ಡಾಕ್ಟರಮ್ಮ ಎಷ್ಟೊತ್ತಿಗೆ ಸಿಗ್ತಾರಪ್ಪ?" ಎಂದರು.