ನುಂಗಿದ ಚಹಾ

ನಾನು ಮೂವತ್ತೊಂದು ವರ್ಷ ಚಹಾ ಉಗುಳಿ ಹೊಟ್ಟೆ ಹೊರೆದವಳು. ಕೇಳಿದವರು ನಗುತ್ತಾರೆ, ನಗಲಿ. ಪ್ಯಾಕೆಟ್ಟಿಗೆ ಹೋಗುವ ಮುಂಚೆ ಪ್ರತಿ ಚಹಾದ ರುಚಿ ನೋಡಿ ಆಗಬಹುದು, ಆಗದು ಎಂದು ಬರೆಯುವುದು ನನ್ನ ಕೆಲಸ. ದಿನಕ್ಕೆ ಇನ್ನೂರು ಬಟ್ಟಲು. ಚಮಚದಲ್ಲಿ ತೆಗೆದು, ಸೊರ್ರೆಂದು ಎಳೆದು, ಬಾಯಲ್ಲೆಲ್ಲ ಆಡಿಸಿ, ಪಕ್ಕದ ಡಬ್ಬಕ್ಕೆ ಉಗುಳಬೇಕು. ನುಂಗುವ ಹಾಗಿಲ್ಲ. ನುಂಗುತ್ತ ಹೋದರೆ ಮಧ್ಯಾಹ್ನಕ್ಕೇ ಎದೆ ಡವಡವ ಎನ್ನುತ್ತದೆ.

ನನ್ನ ಸಹಿ ಬಿದ್ದ ಚಹಾವನ್ನು ಯಾರೂ ಮತ್ತೆ ಮುಟ್ಟಿ ನೋಡುವುದಿಲ್ಲ. ಬೆನ್ನ ಹಿಂದೆ ನನ್ನನ್ನು ಮೂಗಮ್ಮ ಎನ್ನುತ್ತಾರೆ. ಆ ಮೂಗೇ ನಾಲ್ಕು ತಿಂಗಳ ಹಿಂದೆ ಕೈಕೊಟ್ಟಿತು. ಜ್ವರ ಬಂತು, ಹೋಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. "ಬರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ಅವರೇ ಬೇಕಿತ್ತೇ!

ಯಾರಿಗೂ ಹೇಳಲಿಲ್ಲ. ವಾಸನೆ ತಿಳಿಯದವಳನ್ನು ಆ ಕೋಣೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ, ಬೇರೆ ಕೆಲಸ ನನಗೆ ಗೊತ್ತಿಲ್ಲ. ನೆನೆದ ಎಲೆ ನೋಡಿ, ಬಣ್ಣ ನೋಡಿ, ಉಳಿದದ್ದಕ್ಕೆ ಪಕ್ಕದವನ ಚೀಟಿಯತ್ತ ಕಣ್ಣು ಹಾಯಿಸಿ ದಿನ ತಳ್ಳಿದೆ. ಪಕ್ಕದವನು ಎಂದರೆ ನಮ್ಮ ಎರಡನೇ ರುಚಿಗಾರ, ನನಗಿಂತ ಎಂಟು ವರ್ಷ ಚಿಕ್ಕವನು. ಬಿಸಿಲಿಗೂ ಗೊಣಗುತ್ತಾನೆ, ನೆರಳಿಗೂ ಗೊಣಗುತ್ತಾನೆ, ಹಾಗಾಗಿ ಗೊಣಗಣ್ಣ. ಕದ್ದು ನೋಡುವುದು ಇಷ್ಟು ಸುಸ್ತಿನ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋದರೆ ಚಪ್ಪಲಿ ಬಿಡುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಅದಕ್ಕಿಂತ ಹೆಚ್ಚಿನ ಸಂಕಟ ಬೇರೆ ಇತ್ತು. ನಮ್ಮವರು ಬಡಗಿ. ತೀರಿಹೋಗಿ ಆರು ವರ್ಷ. ಅವರ ಸ್ವೆಟರ್ ಒಂದನ್ನು ಒಗೆಯದೆ ಇಟ್ಟಿದ್ದೇನೆ, ಮರದ ಹೊಟ್ಟಿನ ವಾಸನೆಗಾಗಿ. ಈ ನಾಲ್ಕು ತಿಂಗಳಲ್ಲಿ ಅದಕ್ಕೆ ಮುಖ ಒತ್ತಿದರೆ ಉಣ್ಣೆ ಚುಚ್ಚುತ್ತದೆ, ಅಷ್ಟೇ.

ಇವತ್ತು ಬೆಳಿಗ್ಗೆ ಬಂದದ್ದು ಹೊಸ ಮಿಶ್ರಣ. ಕಪ್ಪು ಚಹಾಕ್ಕೆ ಕಿತ್ತಳೆ ಸಿಪ್ಪೆ, ಒಣ ಪ್ಲಮ್, ದಾಲ್ಚಿನ್ನಿ, ಲವಂಗ. ನಾಲ್ಕು ಸಾವಿರ ಕಿಲೋ ಕೆಳಗೆ ಕಾಯುತ್ತಿತ್ತು. ಮಸಾಲೆ ಚಹಾ ನೋಡುವಾಗ ಅದರ ಎಡಗಡೆ ಒಂದು ಬಟ್ಟಲು ಸಾದಾ ಚಹಾ ಇಡುವುದು ನಮ್ಮ ಪದ್ಧತಿ, ನಾಲಿಗೆಗೆ ಅಂಟಿದ ಲವಂಗ ತೊಳೆದುಕೊಳ್ಳಲು. ಆರು ನಿಮಿಷದ ಗಡಿಯಾರ ಕಿರುಚಿತು. ಗೊಣಗಣ್ಣ ನೆನೆದ ಎಲೆಯನ್ನು ಮುಚ್ಚಳದ ಮೇಲೆ ಮಗುಚಿಟ್ಟ. ಉಬ್ಬಿದ ಪ್ಲಮ್ ಚೂರು, ಸುರುಳಿ ಬಿಚ್ಚಿದ ಸಿಪ್ಪೆ. ನಾನು ಅದನ್ನೇ ನೋಡುತ್ತ ಚಮಚ ಅದ್ದಿ ಎಳೆದೆ.

ಮದುವೆಯಾದ ಎರಡನೇ ವರ್ಷದ ಬೆಟ್ಟದ ದಾರಿ ಕಣ್ಣೆದುರು ಬಂದು ನಿಂತಿತು. ಬಸ್ಸಿನ ಅಚ್ಚು ಮುರಿದು ಎಲ್ಲರೂ ಕೆಳಗಿಳಿದಿದ್ದೆವು. ತಗಡಿನ ಅಂಗಡಿಯ ಮುದುಕಿ ದೊಡ್ಡ ಕೆಟಲಿನಲ್ಲಿ ಇಂಥದ್ದೇ ಚಹಾ ಕುದಿಸುತ್ತಿದ್ದಳು. ಚಹಾ ಎಂದರೆ ಮುಖ ಸಿಂಡರಿಸುತ್ತಿದ್ದ ನಮ್ಮವರು ನಾಲ್ಕು ಲೋಟ ಕುಡಿದು, "ನಿನ್ನ ಕೆಲಸ ಇಷ್ಟು ರುಚಿ ಅಂತ ಮೊದಲೇ ಹೇಳಬಾರದಾ?" ಎಂದಿದ್ದರು. ಚಳಿಗೆ ಅವರ ಕಿವಿ ಕೆಂಪಾಗಿತ್ತು. ಅದೇ ನಮ್ಮ ಮೊದಲ ಪ್ರವಾಸ, ಅದೇ ಕೊನೆಯದು. ಆಮೇಲೆ ಪ್ರತಿ ವರ್ಷವೂ ಮುಂದಿನ ವರ್ಷ ಎಂದುಕೊಂಡೆವು.

ಕಿತ್ತಳೆ ಮೂಗಿಗೇರಿತು, ಹಿಂದೆಯೇ ಲವಂಗ, ಕೊನೆಗೆ ಪ್ಲಮ್‌ನ ಹುಳಿ. ನಾನು ಉಗುಳಲಿಲ್ಲ. ಗುಟುಕ್ಕೆಂದು ನುಂಗಿಬಿಟ್ಟೆ.

"ಬಂತು ಕಣೋ!" ಎಂದೆ. ಚೀಟಿ ತುಂಬ ಬರೆದೆ, ಹದ ಸರಿಯಿದೆ, ಲವಂಗ ಹಿತವಾಗಿದೆ ಎಂದು. ಕೆಳಗೆ ಸಹಿ ಹಾಕಿದೆ.

ಗೊಣಗಣ್ಣ ಗೊಣಗಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ಅಕ್ಕಾ," ಎಂದ, "ನೀವು ಕುಡಿದಿದ್ದು ಎಡಗಡೇದು."

ನೋಡಿದೆ. ಚಮಚ ಸಾದಾ ಬಟ್ಟಲಲ್ಲೇ ಇತ್ತು.

"ಬಲಗಡೇದು ನಾನು ನೋಡಿದೆ. ಲವಂಗ ಎರಡರಷ್ಟು ಬಿದ್ದಿದೆ. ಹಲ್ಲುನೋವಿನ ಔಷಧಿ ಇದ್ದ ಹಾಗಿದೆ."

"ನಿಂಗೆ ಯಾವಾಗಿಂದ ಗೊತ್ತು?"

"ಎರಡು ತಿಂಗಳಾಯ್ತು. ಇಲ್ದಿದ್ರೆ ಚೀಟಿ ಮುಚ್ಚದೆ ಯಾಕೆ ಇಡ್ತಿದ್ದೆ ನಾನು?" ಅವನು ಕಿಟಕಿಯ ಕಡೆ ತಿರುಗಿದ. "ಚೀಟಿ ಹರಿದುಬಿಡಿ. ಇನ್ನೊಂದು ಬರೀರಿ, ಲವಂಗ ಜಾಸ್ತಿ ಅಂತ. ನಾನೇನೂ ನೋಡಿಲ್ಲ."

ನಾನು ಬಲಗಡೆಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಈ ಸಲ ಚಮಚ ಬೇಡವೆನಿಸಿತು. ಕಿತ್ತಳೆ, ಪ್ಲಮ್, ದಾಲ್ಚಿನ್ನಿ ಎಲ್ಲ ನಿಜವಾಗಿ ಅದರಲ್ಲಿತ್ತು. ಒಂದೇ ಉಸಿರಿಗೆ ತಳದವರೆಗೆ ಕುಡಿದೆ. ಬಿಸಿ ಇತ್ತು, ಒಗರಿತ್ತು. ಬೆಟ್ಟ ಬರಲಿಲ್ಲ, ಮುದುಕಿ ಬರಲಿಲ್ಲ, ಇವರೂ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತೆ, ಆಗಲೂ ಇಲ್ಲ.

"ಏನಾದ್ರೂ ಬಂತಾ?" ಗೊಣಗಣ್ಣ ಕೇಳಿದ.

"ಏನಿಲ್ಲ."

"ಮತ್ತೆ ಆ ಸಾದಾದಲ್ಲಿ ಏನು ಬಂತು ನಿಮಗೆ?"

"ನಮ್ಮವರು," ಎಂದೆ.

ಅವನು ಹೊಸ ಚೀಟಿ ನನ್ನ ಮುಂದೆ ಸರಿಸಿದ. ತೆಗೆದುಕೊಳ್ಳುವ ಆಸೆ ಬಹಳವಾಯಿತು, ಸುಳ್ಳು ಹೇಳುವುದಿಲ್ಲ. ನಿವೃತ್ತಿಗೆ ಉಳಿದ ಮೂರು ವರ್ಷ ಹೀಗೇ ನೂಕಬಹುದಿತ್ತು. ಆದರೆ ಹಲ್ಲುನೋವಿನ ಔಷಧಿಗೆ ಹಿತವಾಗಿದೆ ಎಂದು ಬರೆದ ಕೈ ನನ್ನದೇ. ನನಗೆ ಸಾಕಾಗಿತ್ತು. ಹಳೆಯ ಚೀಟಿಯನ್ನೇ ಹಿಡಿದುಕೊಂಡು ಮ್ಯಾನೇಜರರ ಕೋಣೆಗೆ ಹೋದೆ.

"ಸಾರ್, ನನಗೆ ವಾಸನೆ ತಿಳಿಯೋದಿಲ್ಲ. ನಾಲ್ಕು ತಿಂಗಳಾಯ್ತು."

ಅವರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಓದಿ, ತಮಾಷೆ ಎಂದುಕೊಂಡು ನಕ್ಕರು. "ಹಾಗಾದ್ರೆ ಇದನ್ನ ಯಾರು ಬರೆದದ್ದು?" ಎಂದು ಚೀಟಿ ತಿರುಗಿಸಿ ತೋರಿಸಿದರು. "ಕುಡೀಬೇಕು ಅನ್ನಿಸೋ ಹಾಗೆ ಬರೆದಿದೀರಿ. ಕುಡಿದವರೇ ಬರೆಯಬೇಕು ಇದನ್ನ."

"ಕುಡಿದಿದ್ದೆ ಸಾರ್," ಎಂದೆ, "ಇಪ್ಪತ್ತೆಂಟು ವರ್ಷದ ಹಿಂದೆ."