ಮುಳ್ಳು ಸೀದಾ ಐತಿ

ಇಂದಿರಮ್ಮ ಒದ್ದೆ ಬೆರಳಿನಿಂದ ಮೂರನೆಯ ವಿಭೂತಿ ಗೆರೆ ಎಳೆದು ಮುಗಿಸುವುದರೊಳಗೆ ದೋಣಿಯ ಟಚ್‌ಸ್ಕ್ರೀನ್ ಪರದೆ ತಾನಾಗಿಯೇ ಪುಟ ತಿರುವಿತು. ನದಿಯ ನಕಾಶೆ ಹೋಗಿ ಹವಾಮಾನ ಬಂತು, ಹವಾಮಾನ ಹೋಗಿ ಯಾವುದೋ ಗೊತ್ತಿಲ್ಲದ ಲಿಪಿ ಬಂತು. ಅವರು ಗಾಬರಿಯಾಗಲಿಲ್ಲ. ಪೂಜೆ ಸಂದಿತೆಂಬ ಸಮಾಧಾನದಲ್ಲಿ ನಟ್ಟನಡುವೆ ದಪ್ಪನೆಯ ಕುಂಕುಮದ ಬೊಟ್ಟೊಂದನ್ನು ಇಟ್ಟರು. ಪರದೆ ಟುಂಯ್ ಎಂದಿತು.

ಶರಣಪ್ಪನವರು ಅಷ್ಟಕ್ಕೇ ಬಿಡಲಿಲ್ಲ. ಸ್ಟೀರಿಂಗಿನ ಪಕ್ಕದ ಕಬ್ಬಿಣದ ಅಂಚಿಗೆ ತೆಂಗಿನಕಾಯಿ ಒಡೆದರು. ನೀರು ಎಲ್ಲೆಲ್ಲಿ ಬೀಳಬಾರದೋ ಅಲ್ಲೆಲ್ಲ ಬಿತ್ತು. ಹಿಂಬದಿಯಲ್ಲಿ ಹಗ್ಗ ಬಿಚ್ಚುತ್ತಿದ್ದ ಮಗಳು ನಮ್ರತಾ, ಸ್ಕ್ರೀನಿಗೆ ನೀರು ತಾಗಿಸಬೇಡಿ, ಅದು ನೀರನ್ನೂ ಬೆರಳೆಂದೇ ತಿಳಿಯುತ್ತದೆ ಎಂದು ಹಿಂದಿ, ಕನ್ನಡ ಕಲಸಿ ಕೂಗಿಕೊಂಡಳು. ಅಪ್ಪ ಕೈ ಜೋಡಿಸಿ ಕಣ್ಣು ಮುಚ್ಚಿದ್ದರು. ದೇವರ ಎದುರಿಗೆ ನಿಂತವರಿಗೆ ಮಕ್ಕಳ ಮಾತು ಕೇಳಿಸುವುದುಂಟೇ?

ದೋಣಿಯ ಹೆಸರು ಮಲಪ್ರಭಾ. ಸವದತ್ತಿ ಕಡೆಯ ಶರಣಪ್ಪನವರು ಕೊಲ್ಕತ್ತಾದ ಹಡಗು ಕಾರ್ಖಾನೆಯಲ್ಲಿ ಮೀಟರುಗಳ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಯಾರೋ ಮೂಲೆಗೆ ಎಸೆದಿದ್ದ ಹಳೆಯ ಮೋಟಾರ್ ದೋಣಿಯನ್ನು ತಂದು, ಡೀಸೆಲ್ ಎಂಜಿನ್ನನ್ನು ತಾವೇ ಬಿಚ್ಚಿ ಕೂಡಿಸಿ, ಭಾನುವಾರಗಳಂದು ಗಂಗೆಯ ಮೇಲೆ ಸುತ್ತಾಡುವ ಚಟ ಅಂಟಿಸಿಕೊಂಡಿದ್ದರು. ಆಯುಧಪೂಜೆ ನಮ್ಮಲ್ಲಿ ನವರಾತ್ರಿಗೆ ನಿಜ. ಆದರೆ ಇಲ್ಲಿ ಕಾರ್ಖಾನೆಯಿಂದ ಹಿಡಿದು ರಿಕ್ಷಾ ಸ್ಟ್ಯಾಂಡಿನ ತನಕ ಯಂತ್ರಗಳಿಗೆ ಹೂವೇರುವುದು ವಿಶ್ವಕರ್ಮ ಪೂಜೆಯ ದಿನ. ಎಷ್ಟೋ ವರ್ಷಗಳ ಅಭ್ಯಾಸದಿಂದ ಇವರ ಮನೆಯ ಹಬ್ಬವೂ ಅದೇ ತಾರೀಖಿಗೆ ಜಾರಿಬಿಟ್ಟಿತ್ತು. ನೀರೆಂದರೆ ಹೆದರುವ ಇಂದಿರಮ್ಮ ಪ್ರತಿ ವರ್ಷ ಸಾಲ್ಟ್ ಲೇಕಿನ ಮನೆಯಿಂದಲೇ ಹೂವು, ಕಾಯಿ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಈ ಸಲ ಹೊಸ ಪರದೆ ಬಂದಿದೆ, ಹೊಸದಾಗಿ ಬಂದದ್ದಕ್ಕೆ ಮನೆಯ ಹೆಂಗಸು ಕುಂಕುಮ ಹಚ್ಚದಿದ್ದರೆ ಹೇಗೆಂದು ಧೈರ್ಯ ಮಾಡಿದ್ದರು.

ಆ ಪರದೆಯ ಬಗ್ಗೆ ಮನೆಯಲ್ಲಿ ಸಣ್ಣ ಯುದ್ಧವೇ ನಡೆದಿತ್ತು. ಎಲ್ಲರ ಮನೆಯಲ್ಲಿ ಹೊಸದು ಬೇಕೆನ್ನುವುದು ಮಕ್ಕಳು. ಇಲ್ಲಿ ಉಲ್ಟಾ. ಜೀವಮಾನವಿಡೀ ಮುಳ್ಳಿನ ಮೀಟರುಗಳನ್ನು ಮುದ್ದಿಸಿದ ಅಪ್ಪ ಅವನ್ನೆಲ್ಲ ಕಿತ್ತುಹಾಕಿ ಟಚ್‌ಸ್ಕ್ರೀನ್ ಕೂರಿಸುತ್ತೇನೆಂದು ಹಟ ಹಿಡಿದಾಗ ನಮ್ರತಾ ಬೆರಗಾದಳು. ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ಇಡೀ ದಿನ ಪರದೆ ನೋಡುವ ಅವಳಿಗೆ ಅವುಗಳ ಗುಣ ಗೊತ್ತು. ಜಗಳವಾಡಿ ಆಡಿ ಕೊನೆಗೆ ಎರಡು ಹಿತ್ತಾಳೆಯ ಮೀಟರುಗಳನ್ನು ಉಳಿಸಿಕೊಂಡಳು. ಒಂದು ಎಂಜಿನ್ ಎಣ್ಣೆಯ ಒತ್ತಡದ್ದು, ಇನ್ನೊಂದು ಎಂಜಿನ್ ಬಿಸಿಯದು. ಮೇಲೆ ಜಾಗವಿಲ್ಲದೆ ಅವು ಪಕ್ಕದ ಸೀಟಿನವರ ಮೊಣಕಾಲಿನ ಹತ್ತಿರ ಇಳಿದವು.

ಹಟದ ಕಾರಣವನ್ನು ಶರಣಪ್ಪನವರು ಯಾರಿಗೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ ತಲೆ ಅಲ್ಲಾಡಿಸಿದ್ದರು. ನೇರ ದಿಟ್ಟಿಸಿದ್ದೆಲ್ಲ ಮಸುಕು, ಅಂಚಿನಲ್ಲಿರುವುದು ಸ್ಪಷ್ಟ. ದಡ ಕಾಣುತ್ತದೆ, ಎದುರು ಬರುವ ದೋಣಿ ಕಾಣುತ್ತದೆ. ಕೂದಲಿನಷ್ಟು ತೆಳುವಾದ ಮುಳ್ಳು ಕಾಣುವುದಿಲ್ಲ. ಪರದೆಯ ಅಂಗೈ ಅಗಲದ ಅಂಕಿಗಳನ್ನಾದರೆ ಓರೆಗಣ್ಣಿನಲ್ಲಿ ಓದಬಹುದಿತ್ತು. ವಿಷಯ ಮಗಳ ಕಿವಿಗೆ ಬಿದ್ದರೆ ಸ್ಟೀರಿಂಗ್ ಕೈ ತಪ್ಪುತ್ತದೆ. ಅದನ್ನು ನೆನೆದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ಅವರ ಮಾತು ಕೇಳುತ್ತಿದ್ದುದು ಈ ಜಗತ್ತಿನಲ್ಲಿ ಈ ದೋಣಿಯೊಂದೇ.

ಅವತ್ತು ಅಮಾವಾಸ್ಯೆಯ ಮಗ್ಗುಲು. ಉಬ್ಬರ ಜೋರಾದ ಇಂಥ ದಿನಗಳಲ್ಲಿ ಸಮುದ್ರ ನದಿಯ ಬಾಯಿಂದ ಒಳನುಗ್ಗಿ ಗೋಡೆಯಂತೆ ಎದ್ದು ಪ್ರವಾಹಕ್ಕೆ ಎದುರಾಗಿ ಬರುತ್ತದೆ. ಬಂಗಾಳಿಗಳು ಅದಕ್ಕೆ ಬಾನ್ ಎನ್ನುತ್ತಾರೆ. ಬಾನ್ ಬರುವಾಗ ಘಾಟಿನಲ್ಲಿ ದೋಣಿ ಕಟ್ಟಿ ನಿಲ್ಲಿಸುವವರು ಹುಚ್ಚರು. ಮೆಟ್ಟಿಲಿಗೆ ಅಪ್ಪಳಿಸಿ ಪುಡಿಯಾಗುತ್ತದೆ. ಚಿಕ್ಕ ಡಿಂಗಿ ದೋಣಿಗಳಿಂದ ಹಿಡಿದು ಎಲ್ಲವೂ ನಡುನೀರಿಗೆ ಹೋಗಿ, ದಕ್ಷಿಣಕ್ಕೆ ಮೂತಿ ಕೊಟ್ಟು ನಿಂತು ಅದನ್ನು ಎದುರುಗೊಳ್ಳಬೇಕು. ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಶರಣಪ್ಪನವರು ಎಷ್ಟೋ ಬಾನ್‌ಗಳನ್ನು ಹೀಗೆ ಕಂಡವರು. ಹೆಂಡತಿಗೂ ಒಮ್ಮೆ ತೋರಿಸಬೇಕೆಂಬ ಆಸೆ ಅವರಿಗೆ ಹಳೆಯದು.

ಕಾಶೀಪುರದ ಘಾಟಿನಲ್ಲಿ ಮೈಕಿನವನು ಎಚ್ಚರಿಕೆ ಕೂಗತೊಡಗಿದಾಗ ಮಲಪ್ರಭಾ ಹೊರಟಿತು. ಈ ಹಬ್ಬಕ್ಕೆ ಇಲ್ಲಿನ ರೂಢಿಯಂತೆ ಆಕಾಶದ ತುಂಬ ಗಾಳಿಪಟಗಳಿದ್ದವು. ಇಂದಿರಮ್ಮ ಪಕ್ಕದ ಸೀಟಿನಲ್ಲಿ ಮುದುಡಿ ಕೂತು ಪಂಚಾಕ್ಷರಿ ಜಪಿಸುತ್ತಿದ್ದರು. ನಡುನೀರು ತಲುಪುವಷ್ಟರಲ್ಲಿ ಪರದೆಯ ಅಂಚಿನೊಳಗೆ ಇಳಿದಿದ್ದ ಕಾಯಿಯ ನೀರು ತನ್ನ ಕೆಲಸ ಮುಗಿಸಿತ್ತು. ಪರದೆ ಎರಡು ಸಲ ಮಿಣುಕಿ ಕಪ್ಪಾಯಿತು. ವಿಭೂತಿ, ಕುಂಕುಮ ಮಾತ್ರ ಮೊದಲಿಗಿಂತ ಚೆನ್ನಾಗಿ ಕಂಡವು.

ಪರದೆ ಹೋದರೂ ಎಂಜಿನ್ ಓಡುತ್ತಿತ್ತು. ಆದರೆ ಅದರ ದನಿ ಬದಲಾಗಿದ್ದನ್ನು ಶರಣಪ್ಪನವರ ಕಿವಿ ಹಿಡಿಯಿತು. ಕಾದ ಕಬ್ಬಿಣದ ವಾಸನೆಯೂ ಬಂದಂತಾಯಿತು. ಕೆಳಗೆ ಮೀಟರಿನತ್ತ ನೋಡಿದರು. ಹಿತ್ತಾಳೆಯ ಬಳೆ ಕಂಡಿತು, ಒಳಗೆ ಬರೀ ಬೂದಿ ಬಣ್ಣ. ಮುಖ ಓರೆ ಮಾಡಿದರು. ಮುಳ್ಳಿನ ಸುಳಿವಿಲ್ಲ. ನಮ್ರತಾಳನ್ನು ಕೂಗಿದರೆ ಗುಟ್ಟು ರಟ್ಟು. ಕೂಗದಿದ್ದರೆ? ದಕ್ಷಿಣದ ತಿರುವಿನಲ್ಲಿ ಯಾರೋ ಶಂಖ ಊದಿದರು. ಬಾನ್ ಕಾಣಿಸಿಕೊಂಡಿತೆಂದು ಅರ್ಥ.

"ನಿನ್ನ ಮೊಣಕಾಲ ಹತ್ರ ಎರಡು ಗಡಿಯಾರ ಅದಾವಲ್ಲ," ಅವರು ತಗ್ಗಿದ ದನಿಯಲ್ಲಿ ಹೆಂಡತಿಗೆ ಹೇಳಿದರು. "ಬಲಗಡೆದ್ರಾಗ ಮುಳ್ಳು ಎಲ್ಲೈತಿ ನೋಡು."

"ನಿಮ್ಮ ಕಣ್ಣ ಮುಂದನ ಐತಲ್ರಿ."

"ನನಗ ಕಾಣಂಗಿಲ್ಲ."

ಇಂದಿರಮ್ಮ ಗಂಡನ ಮುಖವನ್ನು ಒಮ್ಮೆ ನೋಡಿದರು. ಕೆಲವು ತಿಂಗಳಿಂದ ಈ ಮನುಷ್ಯ ಸಾರಿನಲ್ಲಿ ಕರಿಬೇವು ತಡಕುತ್ತಿದ್ದದ್ದು, ಪೇಪರ್ ಹಿಡಿದು ಓದಿದಂತೆ ನಟಿಸುತ್ತಿದ್ದದ್ದು ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಜಪ ನಿಲ್ಲಿಸಿ, ಬಗ್ಗಿ, ಸೆರಗಿನಿಂದ ಗಾಜು ಒರೆಸಿದರು.

"ಅಡಿಗಿ ಮನಿ ಗಡಿಯಾರದಾಗ ಎರಡು ಹೊಡದಂಗ ಐತ್ರಿ," ಎಂದರು. ಆಮೇಲೆ, "ಮೂರರ ಕಡೆ ಹೊಂಟೈತಿ."

ಹಗ್ಗ ಸುತ್ತಿಟ್ಟು ಮುಂದೆ ಬಂದಿದ್ದ ನಮ್ರತಾ ಬೆನ್ನ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಪ್ಪ ತಿರುಗಲಿಲ್ಲ. ಮುಳ್ಳು ಹನ್ನೆರಡಕ್ಕೆ ನಿಲ್ಲಬೇಕು, ಮೂರು ದಾಟಿದರೆ ಬಿಸಿಗೆ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ ಎಂದಷ್ಟೇ ಹೇಳಿದರು. ಎಂಜಿನ್ ತಣಿಸಲು ನದಿಯಿಂದ ನೀರು ಎಳೆಯುವ ಕೊಳವೆಯ ಜರಡಿಗೆ ಏನೋ ಸಿಕ್ಕಿಕೊಂಡಿರಬೇಕು. ಎಂಜಿನ್ ನಿಲ್ಲಿಸಿಯೇ ಅದನ್ನು ತೆಗೆಯಬೇಕು. ನಮ್ರತಾ ಹಲಗೆ ಎತ್ತಿ ಕೆಳಗಿಳಿದಳು. ಶರಣಪ್ಪನವರು ಎಂಜಿನ್ ಆರಿಸಿದರು.

ಆಗ ಕೇಳಿಸಿತು ಅದು. ಇಷ್ಟು ಹೊತ್ತು ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗಿದ್ದ, ದೂರದಲ್ಲಿ ಯಾರೋ ಮೂಟೆಗಟ್ಟಲೆ ಜೋಳ ಸುರಿಯುತ್ತಿರುವಂಥ ಸದ್ದು. ಸುತ್ತಲಿನ ದೋಣಿಗಳಲ್ಲಿ ಮಾತು ನಿಂತಿತ್ತು. ಮಲಪ್ರಭೆಯ ಮೂತಿ ಮೆಲ್ಲಗೆ ಎಡಕ್ಕೆ ಹೊರಳತೊಡಗಿತು.

ಶರಣಪ್ಪನವರು ದಕ್ಷಿಣಕ್ಕೆ ನೇರ ನೋಡಿದರು, ಮಂಜು. ಮುಖವನ್ನು ಗಾಳಿಪಟಗಳ ಕಡೆ ತಿರುಗಿಸಿದರು. ಕಣ್ಣಿನ ಅಂಚಿನಲ್ಲಿ ನದಿಯ ಈ ದಡದಿಂದ ಆ ದಡದ ತನಕ ಒಂದು ಬಿಳಿ ಗೆರೆ ಮೂಡಿತು. ಇಂದಿರಮ್ಮ ಎದ್ದು ನಿಂತಿದ್ದರು. ನೀರಿಗೆ ಹೆದರುವ ಆ ಜೀವ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದು, ರೆಪ್ಪೆ ಬಡಿಯದೆ ನೋಡುತ್ತಿತ್ತು.

"ಹೊಳಿ ಎದ್ದು ನಿಂತೈತ್ರಿ," ಎಂದರು ಅವರು ಪಿಸುದನಿಯಲ್ಲಿ. "ಎದ್ದು, ಬಂದ ದಾರಿಲೇ ತಿರುಗಿ ನಡಕೋತ ಬರಾಕತ್ತೈತಿ."

ನಮ್ರತಾ ಹಲಗೆಯ ಕೆಳಗಿನಿಂದ ಕೈ ಮೇಲೆತ್ತಿದಳು. ಯಾರದೋ ಪೂಜೆಯ ಚೆಂಡುಹೂವಿನ ಮಾಲೆ, ನೀರಿನಲ್ಲಿ ಕೊಳೆತು ಮುದ್ದೆಯಾದದ್ದು, ಮೊಣಕೈ ತನಕ ಜೋತಾಡುತ್ತಿತ್ತು. "ಆಯ್ತು ಅಪ್ಪಾ, ಚಾಲೂ ಮಾಡ್ರಿ."

ಎಂಜಿನ್ ಕೆಮ್ಮಿತು, ಹತ್ತಿಕೊಂಡಿತು. ಶರಣಪ್ಪನವರು ಮೂತಿಯನ್ನು ಬಿಳಿ ಗೆರೆಗೆ ಎದುರಾಗಿ ತಂದರು. ಇಂದಿರಮ್ಮ ಮತ್ತೆ ಬಗ್ಗಿ ಒಂದೂವರೆ ಎಂದರು, ಒಂದು ಎಂದರು, ಹನ್ನೆರಡೂವರೆ ಎಂದರು. ಅಷ್ಟರಲ್ಲಿ ಅದು ಬಂದೇಬಿಟ್ಟಿತು. ಮಣ್ಣುಬಣ್ಣದ ನೀರಿನ ಗೋಡೆ, ತಲೆಯ ಮೇಲೆ ನೊರೆ. ಮಲಪ್ರಭಾ ಮೂತಿ ಎತ್ತಿತು, ಏರಿತು. ಒಂದು ಗಳಿಗೆ ಅವರು ಮೂವರೂ ಹೌರಾದ ಕಡೆಯ ಗೋದಾಮುಗಳ ಮಾಡಿನ ಆಚೆಗೆ ನೋಡುವಷ್ಟು ಎತ್ತರದಲ್ಲಿದ್ದೇವೆಂದುಕೊಂಡರು. ಸುಳ್ಳಿರಬಹುದು. ಆದರೆ ಹಾಗನ್ನಿಸಿತು. ಆಮೇಲೆ ದೋಣಿ ಇಳಿಯಿತು, ಇನ್ನೊಮ್ಮೆ ಏರಿತು, ಇನ್ನೊಮ್ಮೆ ಇಳಿಯಿತು. ಬಾನ್ ಅವರನ್ನು ದಾಟಿ ಉತ್ತರಕ್ಕೆ ಹೊರಟುಹೋಯಿತು. ಘಾಟಿನ ಮೆಟ್ಟಿಲುಗಳು ನೀರಿನಡಿ ಮಾಯವಾಗಿದ್ದವು. ಬೆಳಗಿನಿಂದ ಸಮುದ್ರದ ಕಡೆ ತೇಲಿಹೋಗಿದ್ದ ಹೂವು, ಕಸ, ಜಲಕುಂಭಿ ಕಳೆಯ ಗುಂಪುಗಳೆಲ್ಲ ಈಗ ಸಾಲಾಗಿ ವಾಪಸು ಬರುತ್ತಿದ್ದವು.

ಬಹಳ ಹೊತ್ತಿನ ಮೇಲೆ ನಮ್ರತಾ ಅಪ್ಪನ ಬಳಿ ಬಂದು ಸ್ಟೀರಿಂಗಿನ ಮೇಲೆ ಕೈಯಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಶರಣಪ್ಪನವರು ಒಂದೊಂದೇ ಬೆರಳು ಬಿಡಿಸಿ, ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಆ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಮ್ರತಾ ಆ ಕೈಗಳನ್ನು ನೋಡಿದಳು. ಗಾಜು ಒರೆಸುತ್ತಲೇ ಇದ್ದ ಅವ್ವನನ್ನೂ ನೋಡಿದಳು.

"ಒಬ್ರೇ ಇನ್ ಮ್ಯಾಲ ಬರಂಗಿಲ್ಲ," ಎಂದಳು ಕೊನೆಗೆ. "ಅವ್ವ ಬಾಜೂ ಕುಂತ್ರ ಮಾತ್ರ. ಮತ್ತ ಘಾಟಿಗೆ ಹಚ್ಚೋದು ನಾನು."

"ನನಗೇನ್ ಮನ್ಯಾಗ ಬ್ಯಾರೆ ಕೆಲಸ ಇಲ್ಲೇನು," ಎಂದರು ಇಂದಿರಮ್ಮ. ಆದರೆ ಏಳಲಿಲ್ಲ.

ಮಗಳು ಕೈ ತೆಗೆದು ಮೂತಿಯ ಕಡೆ ಹೋಗಿ ಕೂತಳು. ಶರಣಪ್ಪನವರು ದೋಣಿಯನ್ನು ತಿರುಗಿಸಿದರು. ಕಪ್ಪು ಪರದೆಯ ಮೇಲೆ ವಿಭೂತಿ ಒಣಗಿ ಉದುರುತ್ತಿತ್ತು. ಯಾರದೋ ದಾರ ಹರಿದ ಗಾಳಿಪಟವೊಂದು ನೀರಿಗೆ ಬಿದ್ದು, ನದಿಯ ಜೊತೆ ಮೇಲಕ್ಕೆ ತೇಲುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ, ಅವರು ಕೇಳದಿದ್ದರೂ, ಪಕ್ಕದ ಸೀಟಿನಿಂದ ದನಿ ಬಂತು.

"ಸೀದಾ ಐತ್ರಿ."