ಮೊಣಕೈ ಕೆಳಗಿನ ನೀಲಿ

ಸುಣ್ಣದ ಗೆರೆ ಸೊಟ್ಟ, ಯಾರು ಎಳೆದರೋ, ಬ್ಯಾಟರ್ ನಿಲ್ಲುವ ಜಾಗದ ಹತ್ತಿರ ಬಂದು ಬಲಕ್ಕೆ ವಾಲಿದೆ, ಬಲೆಯ ಹಿಂದೆ ಕೂತ ನನಗೇ ಕಾಣುತ್ತದೆ, ಅಂಪೈರಿಗೆ ಕಾಣುವುದಿಲ್ಲವೇ — ಕಾಣದು, ಇದೇ ಹಾಕಿ ಆಗಿದ್ದರೆ ಗೋಣಿಕೊಪ್ಪಲಿನ ಅರ್ಧ ಊರು ಬಂದು ದಾರ ಹಿಡಿದು ಗೆರೆ ಎಳೆಯುತ್ತಿತ್ತು, ಸಾಫ್ಟ್‌ಬಾಲ್ ಅಂದರೆ ಯಾರಿಗೆ ಬೇಕು, ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಶುಂಠಿ ಹಾಕಿಕೊಂಡು ಕೂತ ನಮ್ಮಂಥವರ ಮಕ್ಕಳ ಆಟ. ಇರಲಿ, ಗೆರೆ ಸೊಟ್ಟಗಿದ್ದರೆ ಏನಂತೆ, ನನ್ನ ದಿವ್ಯಶ್ರೀಯ ಬಾಲ್ ನೆಟ್ಟಗೆ ಬರುತ್ತದೆ, ಬರಲೇಬೇಕು, ಇವತ್ತು ಆ ರೇಣುಕಪ್ರಸಾದನ ಮುಖದ ನೀರಿಳಿಸದೆ ನಾನು ಈ ಮೆಟ್ಟಿಲಿನಿಂದ ಏಳುವುದಿಲ್ಲ. ಅಗೋ ನಿಂತಿದ್ದಾನೆ, ಸ್ಕೂಲಿನ ಪಿ.ಟಿ. ಮೇಷ್ಟ್ರು, ಕತ್ತಿನಲ್ಲಿ ಸೀಟಿ, ಕೈ ಹಿಂದೆ ಕಟ್ಟಿಕೊಂಡು, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ, ಮತ್ತೆ ಅವನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತವರು ಯಾರು, ನನ್ನನ್ನೇ ಕಟ್ಟಿಕೊಂಡ ಶಿವಪ್ರಕಾಶ್, ಹೆಂಡತಿ ಈ ಕಡೆ, ಗಂಡ ಆ ಕಡೆ, ಜಿಲ್ಲೆಯೇ ನೋಡಲಿ. ಜಿಲ್ಲಾ ತಂಡಕ್ಕೆ ಬಾಲ್ ಎಸೆಯಲು ಇನ್ನು ಒಬ್ಬಳೇ ಪಿಚ್ಚರ್ ಬೇಕು, ಇರುವವರು ಇಬ್ಬರು ಹುಡುಗಿಯರು, ಒಬ್ಬೊಬ್ಬರಿಗೆ ಒಬ್ಬ ಬ್ಯಾಟರ್, ಬ್ಯಾಟಿಗೆ ಸಿಗದೆ ನೆಟ್ಟಗೆ ಮೂರು ಸ್ಟ್ರೈಕ್ ಬಿದ್ದರೆ ತಂಡಕ್ಕೆ ಒಳಗೆ, ನಾಲ್ಕು ಬಾಲ್ ಹೊರಗೆ ಹೋದರೆ ಮನೆಗೆ, ಮುಂದಿನ ವರ್ಷ ನನ್ನ ಮಗಳಿಗೆ ವಯಸ್ಸು ಮೀರುತ್ತದೆ, ಇವತ್ತು ಬಿಟ್ಟರೆ ಇಲ್ಲ.

ಕೈ ಸುತ್ತುವುದರಲ್ಲೇ ಜಗಳ, ನಗು ಬರುತ್ತದೆ, ಒಂದು ಕೈ, ಒಂದು ಸುತ್ತು, ಅದಕ್ಕೆ ಎರಡು ಮನೆತನದ ಹಾಗೆ ಎರಡು ಪಕ್ಷ. ಕೈ ಮೇಲಿಂದ ಸುತ್ತಿ ಕೆಳಗೆ ಬಂದಾಗ ಮೊಣಕೈಯ ಕೆಳಭಾಗ ಸೊಂಟವನ್ನು ಸವರಿಕೊಂಡು ಹೋಗಬೇಕು, ಆಗಲೇ ಬಾಲ್ ಚಾಟಿಯ ಹಾಗೆ ಹೊರಡುತ್ತೆ, ಇದು ರೇಣುಕಪ್ರಸಾದನ ಪಾಠ. ಸೊಂಟಕ್ಕೆ ಕೂದಲೆಳೆಯಷ್ಟೂ ತಾಗಬಾರದು, ಕೈ ಮೈಯಿಂದ ದೂರ, ಮೊಣಕೈ ಮೇಲೆತ್ತಿ ಮುಗಿಸು, ಇದು ಧರ್ಮೇಶ್ ಸರ್ ಪಾಠ, ಬೇಸಿಗೆ ಶಿಬಿರದಲ್ಲಿ ಹದಿನೈದು ದಿನ ಕಲಿಸಿದರು, ಎಷ್ಟು ಮರ್ಯಾದೆಯ ಮನುಷ್ಯ, ಬನ್ನಿ ಮೇಡಂ ಕೂತ್ಕೊಳ್ಳಿ ಮೇಡಂ ಅಂತ ನನಗೂ ಕುರ್ಚಿ ಕೊಟ್ಟು ವಿಡಿಯೋ ತೋರಿಸಿ ವಿವರಿಸಿದರು. ಅದನ್ನೇ ನಾನು ಪೋಷಕರ ಸಭೆಯಲ್ಲಿ ಕೇಳಿದ್ದು, ಕೇಳಬಾರದಿತ್ತೇ, ಸರ್, ನೀವು ಹೇಳೋದು ಒಂದು, ಅವರು ಹೇಳೋದು ಒಂದು, ಮಗು ಯಾವುದು ಮಾಡ್ಬೇಕು ಅಂತ, ಇಷ್ಟೇ, ಅದಕ್ಕೆ ಆ ಮನುಷ್ಯ ಎಲ್ಲರ ಎದುರು, ಅಷ್ಟು ದೂರದ ಕರಿಕೆ ಊರಿಂದ ಬಸ್ಸು ಹತ್ತಿ ಬಂದ ಅಪ್ಪಂದಿರ ಎದುರು, ನೋಡಿ ಅಮ್ಮ, ಒಲೆ ಮೇಲಿರೋ ಸಾರಿಗೆ ಎಷ್ಟು ಉಪ್ಪು ಅಂತ ನಾನು ಬಂದು ನಿಮಗೆ ಹೇಳ್ತೀನಾ, ಇಲ್ಲ ಅಲ್ವಾ, ಹಂಗೇ ಇದು ನನಗೆ ಬಿಡಿ. ನಕ್ಕರು. ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ನನಗೆ ಕಾಣದು ಅಂದುಕೊಂಡ. ಆವತ್ತೇ ಅಂದುಕೊಂಡೆ, ಉಪ್ಪು ತಾನೇ, ತಿನ್ನಿಸುತ್ತೇನೆ, ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಮರುದಿನದಿಂದ ಸ್ಕೂಲು ಬಿಟ್ಟು ಬಂದ ಕೂಡಲೇ ನಾನೇ ನಿಂತೆ, ಶುಂಠಿ ತುಂಬುವ ಗೋಣಿಚೀಲಕ್ಕೆ ಭತ್ತದ ಹೊಟ್ಟು ತುರುಕಿ ಹಲಸಿನ ಮರಕ್ಕೆ ಕಟ್ಟಿ, ಹಾಕು ಮಗಳೇ, ಇನ್ನೊಂದು, ತಾಗಬಾರದು, ತಾಗಬಾರದು ಅಂದೆನಲ್ಲ, ಮತ್ತೆ ತಾಗಿಸಿದೆ, ಬೆಳಿಗ್ಗೆ ಸ್ಕೂಲಿನಲ್ಲಿ ಅವನು ಸವರು ಅನ್ನುತ್ತಾನೆ, ಸಂಜೆ ನಾನು ತಾಗಿಸಬೇಡ ಅನ್ನುತ್ತೇನೆ, ಪಾಪ ಆ ಕೈ ಮೇಲಿಂದ ಇಳಿಯುವಾಗ ಅರ್ಧದಲ್ಲಿ ತಡೆಯುತ್ತಿತ್ತು, ಯಾರ ಮಾತು ಕೇಳಲಿ ಅನ್ನುವ ಹಾಗೆ, ತಡೆದು ಸೊಂಟದ ಮೂಳೆಗೆ ಠಪ್ ಅಂತ ಬಡಿಯುತ್ತಿತ್ತು. ಜಗುಲಿಯಲ್ಲಿ ಕೂತ ಅತ್ತೆ ಸಿದ್ದಮ್ಮ ಎಲೆ ಅಡಿಕೆ ಜಗಿಯುತ್ತಾ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಕಣವ್ವ, ಬುಡು, ಸಾಕು ಬುಡು ಅದುನ್ನ. ಬಿಡಬೇಕಂತೆ, ನಾನು. ನಾಲ್ಕನೇ ದಿನಕ್ಕೆ ನೀಲಿ ಕಂಡಿತು, ಬಲಗೈಯ ಒಳಮೈಯಲ್ಲಿ, ಮೊಣಕೈ ಕೆಳಗೆ, ಹಣ್ಣಾದ ನೇರಳೆಯ ಬಣ್ಣ, ಅಂಚಿನಲ್ಲಿ ಹಳದಿ, ನೋಡಿದರೆ ಹೆತ್ತ ಕರುಳು ಚುರ್ ಅನ್ನಬೇಕು, ಅಂದಿತು, ಯಾಕೆ ಅನ್ನಲಿಲ್ಲ, ಅಂದಿತು, ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಸಿಕ್ಕ, ಈಗ ಸಿಕ್ಕ ಅಂತ. ಬಾ ಇಲ್ಲಿ, ಬಾಗಿಲ ಹತ್ತಿರ ಬಾ, ಕೈ ಹೀಗೆ ತಿರುಗಿಸು, ಇನ್ನೂ, ಬೆಳಕಿಗೆ ಹಿಡಿ, ಅಲ್ಲಾಡಬೇಡ. ಅವಳು ಹಿಡಿದಳು, ಹಿಡಿದುಕೊಂಡೇ ಅಂದಳು, ಅಮ್ಮ, ಇದು ಸರ್ ಹತ್ರ ಆಗಿದ್ದಲ್ಲಮ್ಮ, ಇಲ್ಲಿ ಆಗಿದ್ದು. ನೀನು ಸುಮ್ನಿರೇ ಅಂದೆ. ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಕೆಳಗೆ ಬರೆದೆ, ನಮ್ಮ ರೇಣುಕಪ್ರಸಾದ್ ಸರ್ ಕಲಿಸಿದ್ದಕ್ಕೆ ಸಿಕ್ಕ ಬಹುಮಾನ. ಅಬ್ಬಾ, ಹೊಟ್ಟೆ ತಣ್ಣಗಾಯಿತು, ಅರ್ಧ ಗಂಟೆಯಲ್ಲಿ ಎಷ್ಟು ಜನ, ಅಯ್ಯೋ ಪಾಪ, ಹೆಡ್‌ಮಾಸ್ಟರಿಗೆ ಹೇಳಿ, ಇಂಥವರನ್ನ ಬಿಡಬಾರದು, ಸಭೆಯಲ್ಲಿ ನಕ್ಕ ಬಾಯಿಗಳೇ ಎಲ್ಲ. ಹೆಡ್‌ಮಾಸ್ಟರ್ ಆ ಮನುಷ್ಯನನ್ನು ಕರೆಸಿದರಂತೆ. ದಿವ್ಯ ಮಾತ್ರ ಎರಡು ದಿನ ಊಟಕ್ಕೆ ಕೂತವಳು ತಟ್ಟೆಯಲ್ಲೇ ಕೈಯಾಡಿಸಿ ಎದ್ದಳು, ಆ ಫೋಟೋ ಎಲ್ರ ಮೊಬೈಲಲ್ಲೂ ಇದೆ, ನಂಗೆ ನೇರಳೆ ನೇರಳೆ ಅಂತ ಕರೀತಾರೆ, ಸರ್ ನನ್ ಮುಖಾನೇ ನೋಡಲ್ಲ, ತೆಗೀಮ್ಮ ಅದುನ್ನ. ತೆಗೀತೀನಿ ಅಂದೆ. ಇವತ್ತು ಬೆಳಿಗ್ಗೆ ಜೀಪಿನಲ್ಲೂ ಅದೇ, ಅಪ್ಪ ಮುಂದೆ ಕೂತು ಸ್ಟೇರಿಂಗ್ ಹಿಡಿದು ಸುಮ್ನೆ ಸವರಿ ಬಿಡು ಮಗಾ, ಮೇಷ್ಟ್ರು ಹೇಳಿದಂಗೆ ಹಾಕು ಅನ್ನುತ್ತಾರೆ, ನಾನು ಹಿಂದಿನಿಂದ, ಆ ಮೇಷ್ಟ್ರ ಎದುರಿಗೇ ಧರ್ಮೇಶ್ ಸರ್ ಥರ ಹಾಕು, ಒಂದೂ ತಾಗಿಸಬೇಡ, ನೋಡಿ ಕಲಿಯಲಿ, ಅವಳು ಕಿಟಕಿ ಕಡೆ ನೋಡಿಕೊಂಡು ಒಂದೇ ಕೇಳಿದಳು, ಫೋಟೋ ತೆಗೆದ್ಯಾಮ್ಮ? ಸೆಲೆಕ್ಷನ್ ಮುಗೀಲಿ ಕಣೇ. ಮುಗೀಲಿ ಅಂದೆ, ಯಾಕೆಂದರೆ ಗೆದ್ದ ಮೇಲೆ ಅದರ ಕೆಳಗೇ ಇನ್ನೊಂದು ಹಾಕಬೇಕು, ಜಿಲ್ಲಾ ತಂಡದ ಅಂಗಿ ತೊಟ್ಟು ನಿಂತದ್ದು, ಅಮ್ಮನ ಕೈಯಲ್ಲಿ ಕಲಿತದ್ದು ಅಂತ, ಆಗ ಗಾಯಕ್ಕೆ ಉಪ್ಪು ಸರಿಯಾಗಿ ಹಿಡಿಯುತ್ತದೆ.

ಬಂದಳು. ಪಿಚ್ಚರ್ ನಿಲ್ಲುವ ಬಿಳಿ ಹಲಗೆಯ ಮೇಲೆ ಕಾಲಿಟ್ಟಳು, ಉದ್ದ ತೋಳಿನ ಅಂಗಿ, ಈ ಸೆಕೆಯಲ್ಲಿ ಉದ್ದ ತೋಳು ಯಾಕೆ — ಗೊತ್ತು, ಯಾಕೆ ಅಂತ ಗೊತ್ತು. ಕೈ ಸುತ್ತಿತು, ಇಳಿಯಿತು, ತಡೆಯಲೇ ಇಲ್ಲ, ಸೊಂಟವನ್ನು ಸವರಿತು, ಅಂಗಿಯ ಬಟ್ಟೆ ಸರ್ರೆಂದದ್ದು ಇಲ್ಲಿಗೆ ಕೇಳಿಸಿತು, ಕ್ಯಾಚರ್‌ನ ಗ್ಲೌಸಿಗೆ ಬಾಲ್ ಬಡಿಯಿತು, ಸ್ಟ್ರೈಕ್! ಅಯ್ಯೋ ನಿನ್ನ ಮನೆ ಹಾಳಾಗ, ಸವರಿದಳು, ಅವನ ಪಾಠ, ನನ್ನ ಹೊಟ್ಟೆಯಲ್ಲಿ ಹುಟ್ಟಿ ಅವನ ಪಾಠ ಒಪ್ಪಿಸಿದಳು, ಆ ಕಡೆ ಶಿವಪ್ರಕಾಶ್ ಎದ್ದು ಚಪ್ಪಾಳೆ ಹೊಡೆಯುತ್ತಾರೆ, ರೇಣುಕಪ್ರಸಾದ್ ನಗುವುದೂ ಇಲ್ಲ, ಕೈ ಹಿಂದೆಯೇ ಇದೆ, ನಗಬಾರದೇ, ನಕ್ಕರೆ ಜಗಳಕ್ಕೆ ನನಗೂ ಒಂದು ದಾರಿ ಸಿಗುತ್ತಿತ್ತು. ಮತ್ತೆ ಸುತ್ತಿತು, ಮತ್ತೆ ಸರ್ರನೆ, ಮತ್ತೆ ಸ್ಟ್ರೈಕ್. ಇನ್ನೊಂದು. ಇನ್ನೊಂದೇ ಒಂದು ಬಿದ್ದರೆ ಒಳಗೆ, ಬೀಳಲಿ, ಯಾರ ಪಾಠವಾದರೂ ಆಗಲಿ ಬೀಳಲಿ ದೇವರೇ, ಮನೆಗೆ ಹೋಗಿ ವಿಚಾರಿಸಿಕೊಳ್ಳುತ್ತೇನೆ — ಅವಳು ಯಾಕೆ ನಿಂತಳು, ಬಾಲ್ ಉಜ್ಜುತ್ತಾ, ಬ್ಯಾಟರನ್ನು ನೋಡುತ್ತಿಲ್ಲ, ಕ್ಯಾಚರನ್ನೂ ಅಲ್ಲ, ಅವರಿಬ್ಬರನ್ನೂ ದಾಟಿ ಬಲೆಯ ಹಿಂದೆ ನೋಡುತ್ತಿದ್ದಾಳೆ, ನನ್ನನ್ನು. ಮೂರನೆಯದು, ಕೈ ಮೈಯಿಂದ ದೂರ, ಮೊಣಕೈ ಮೇಲೆ, ಧರ್ಮೇಶ್ ಸರ್ ವಿಡಿಯೋದಲ್ಲಿ ಇದ್ದ ಹಾಗೇ, ನಾನು ಹೇಳಿದ ಹಾಗೇ, ಬಾಲ್ ಎಲ್ಲರ ತಲೆ ಮೇಲೆ ಹಾರಿ ಬಂದು ಬಲೆಗೆ, ನನ್ನ ಮುಖದ ಎದುರಿಗೆ, ಬಲೆ ಅಲುಗಿ ಧೂಳು ಕಣ್ಣಿಗೆ ಬಿತ್ತು. ಬಾಲ್ ಒಂದು. ಪರವಾಗಿಲ್ಲ, ಜಾರಿತು, ಬೆವರು. ಮತ್ತೆ ಹಾಗೇ, ಕೂದಲೆಳೆಯಷ್ಟೂ ತಾಗದೆ, ಮತ್ತೆ ಬಲೆಗೆ, ಬಲೆಯ ಅದೇ ತೂತಿಗೆ, ಹಗ್ಗದ ಗಂಟಿನ ಪಕ್ಕ. ಬಾಲ್ ಎರಡು. ದಿವ್ಯಾ, ಕೆಳಗೆ ಹಾಕೇ, ಕೆಳಗೆ! ಸವರೇ! ಸವರು ಅಂದೆನೇ, ನಾನೇ ಕೂಗಿದೆನೇ, ಶಿವಪ್ರಕಾಶ್ ಆ ಕಡೆಯಿಂದ ನನ್ನನ್ನೇ ನೋಡುತ್ತಿದ್ದಾರೆ, ರೇಣುಕಪ್ರಸಾದ್ ಮೊದಲ ಸಲ ಕೈ ಮುಂದೆ ತಂದು ಬೇಡ ಮಗಾ ಅನ್ನುವ ಹಾಗೆ ಎತ್ತಿದ್ದಾನೆ, ಬಾಲ್ ಮೂರು, ಮತ್ತೆ ಅದೇ ಗಂಟಿನ ಪಕ್ಕ, ಗುರಿ ತಪ್ಪಿದ ಬಾಲ್ ಮೂರು ಸಲ ಒಂದೇ ಕಡೆ ಬೀಳುತ್ತದೆಯೇ, ಬೀಳುವುದಿಲ್ಲ, ಇದು ತಪ್ಪಿದ್ದಲ್ಲ, ಹದಿನಾರು ಹೆಜ್ಜೆ ದೂರದಿಂದ ನನ್ನ ಹಣೆಗೆ ಇಟ್ಟ ಗುರಿ, ಈ ಹಟ ಯಾರದು, ಯಾರ ಹೊಟ್ಟೆಯದು, ಬೇಡ ಕಣೇ, ಫೋಟೋ ತೆಗೀತೀನಿ, ಇಗೋ, ಈಗಲೇ, ಮೊಬೈಲ್ ಎಲ್ಲಿ, ಚೀಲದಲ್ಲಿ, ಗ್ರೂಪ್ ತೆರೆಯಿತು, ಮೇಲೆ, ಇನ್ನೂ ಮೇಲೆ, ಸಿಕ್ಕಿತು, ನೀಲಿ, ಎಲ್ಲರಿಂದಲೂ ಅಳಿಸಲು ಬರುತ್ತಿಲ್ಲ, ನನ್ನ ಮೊಬೈಲಿನಿಂದ ಮಾತ್ರವಂತೆ, ದಿನ ಮೀರಿತಂತೆ — ಬಲೆ ಅಲುಗಿತು. ಬಾಲ್ ನಾಲ್ಕು. ಬ್ಯಾಟ್ ಕೆಳಗಿಟ್ಟು ಬ್ಯಾಟರ್ ಹುಡುಗಿ ನಡೆದು ಹೋದಳು, ಮುಗಿಯಿತು, ಇಷ್ಟೇ, ಆ ಇನ್ನೊಬ್ಬ ಪಿಚ್ಚರಿನ ಅಮ್ಮ ದೇವರಿಗೆ ಕೈ ಮುಗಿಯುತ್ತಿದ್ದಾಳೆ, ನನ್ನ ಮಗಳು ಅಳುತ್ತಿಲ್ಲ, ಓಡುತ್ತಿಲ್ಲ, ಹಲಗೆಯ ಮೇಲೇ ನಿಂತು ಬಲಗೈ ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಚುತ್ತಿದ್ದಾಳೆ, ಒಂದು ಮಡಿಕೆ, ಇನ್ನೊಂದು, ಮೊಣಕೈವರೆಗೂ, ಕೈ ಹೀಗೆ ತಿರುಗಿಸುತ್ತಿದ್ದಾಳೆ, ಇನ್ನೂ, ಬೆಳಕಿಗೆ ಹಿಡಿಯುತ್ತಿದ್ದಾಳೆ, ನನ್ನ ಕಡೆಗೆ, ಅಲ್ಲಾಡದೆ, ನೇರಳೆ, ಅಂಚಿನಲ್ಲಿ ಹಳದಿ, ನೇರಳೆ,